ಹತ್ತನೆಯ ಕ್ಲಾಸಿನ ವ್ಯಾಂಪೈರ್: ಮೂರನೆಯ ರಾತ್ರಿಯ ನಂತರ

ಮೂರನೆಯ ರಾತ್ರಿಯ ಚಿತ್ರೀಕರಣ ಮುಗಿಯಿತು. ಹದಿನಾಲ್ಕು ನಿಮಿಷದ ಕಿರುಚಿತ್ರದಲ್ಲಿ ಈವರೆಗೆ ಕೈಗೆ ಬಂದಿರುವುದು ಆರು ನಿಮಿಷ. ಅದರಲ್ಲಿ ಒಂದು ನಿಮಿಷ ನನಗೇ ಹಿಡಿಸಿಲ್ಲ.

ಕಥೆ ಮರೆತವರಿಗಾಗಿ: ನಮ್ಮ ವ್ಯಾಂಪೈರ್ (ರಕ್ತ ಹೀರುವ ಪಿಶಾಚಿ; ಬೆಳ್ಳುಳ್ಳಿ, ಬಿಸಿಲು ಎರಡೂ ಆಗದು) ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವವನು. ಸಾಂಪ್ರದಾಯಿಕ ಉಡುಪಿ ಅಡುಗೆಗೆ ಬೆಳ್ಳುಳ್ಳಿ ನಿಷಿದ್ಧ. ಇಡೀ ಮುಂಬೈಯಲ್ಲಿ ಅವನಿಗೆ ಇದಕ್ಕಿಂತ ಸುರಕ್ಷಿತ ಜಾಗ ಸಿಕ್ಕೀತೇ? ರುಬ್ಬುವುದು ಕಿಟಕಿಯಿಲ್ಲದ ಒಳಕೋಣೆಯಲ್ಲಿ. ಕತ್ತಲಾದ ಮೇಲೆ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆ. ಹಗಲು ಲೋಟ ತೊಳೆದು ರಾತ್ರಿ ಓದಿದ ಕರಾವಳಿಯ ಹುಡುಗರಲ್ಲಿ ನನ್ನ ತಂದೆಯೂ ಒಬ್ಬರು. ಅವರು ಪಾಸಾದರು. ಇವನು ಅರವತ್ತು ವರ್ಷದಿಂದ ಹತ್ತನೆಯಲ್ಲೇ ಕುಳಿತಿದ್ದಾನೆ. ತರಗತಿ ರಾತ್ರಿಯಾದರೇನು, ಪರೀಕ್ಷೆ ಹಗಲಿನಲ್ಲಿ ತಾನೇ!

ನಮ್ಮ ಧ್ವನಿಗ್ರಾಹಕ ಗೆಳೆಯ ತಕರಾರು ತೆಗೆದ. 1897ರ ಬ್ರ್ಯಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲೂ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲಿಗೆ ಕರಗಿ ಸಾಯುವುದು 1922ರ ‘ನೋಸ್ಫೆರಾಟು’ ಚಿತ್ರ ತಂದಿಟ್ಟ ಪದ್ಧತಿ ಎಂದ. ನಿಜ. ಕಾದಂಬರಿಯಲ್ಲಿ ಹಗಲು ಅವನ ಶಕ್ತಿ ಕುಂದುತ್ತದೆ, ಅಷ್ಟೇ. (ಗಣಿತದ ಪತ್ರಿಕೆಯ ಮುಂದೆ ನನ್ನ ಸ್ಥಿತಿಯೂ ಅದೇ ಆಗಿತ್ತು.) ಆದರೂ ನಾನು 1922ರ ಪಕ್ಷವನ್ನೇ ಹಿಡಿದಿದ್ದೇನೆ. ಇಲ್ಲದಿದ್ದರೆ ಕಥೆಯೇ ಇಲ್ಲ.

ಕನ್ನಡಿಯ ದೃಶ್ಯ ಎರಡು ರಾತ್ರಿ ತಿಂದಿತು. ಕೈ ತೊಳೆಯುವ ಜಾಗದ ಕನ್ನಡಿಯಲ್ಲಿ ಅವನ ಬಿಂಬ ಕಾಣಬಾರದು. ಕ್ಯಾಮೆರಾವನ್ನು ಅಲುಗಾಡಿಸದೆ ನಟನಿದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ತೆಗೆದು, ಎರಡನೆಯದರಿಂದ ಕನ್ನಡಿಯ ಭಾಗವನ್ನಷ್ಟೇ ಕತ್ತರಿಸಿ ಮೊದಲನೆಯದಕ್ಕೆ ಅಂಟಿಸಿದೆವು. ಮೇಲೆ ತಿರುಗುತ್ತಿದ್ದ ಫ್ಯಾನಿನ ನೆರಳು ಅಂಚಿನಲ್ಲಿ ಹೊಂದಲಿಲ್ಲ. ಫ್ಯಾನ್ ನಿಲ್ಲಿಸಿದರೆ ನಟ ಧಾರಾಕಾರವಾಗಿ ಬೆವರಿದ. ಸತ್ತು ಅರವತ್ತು ವರ್ಷವಾದವನು ಬೆವರುವುದೆಂದರೇನು? ಕೊನೆಗೆ ಪ್ರತಿ ಟೇಕಿಗೂ ಮುನ್ನ ಮುಖಕ್ಕೆ ಮಂಜುಗಡ್ಡೆ ಒತ್ತಿ ಮುಗಿಸಿದೆವು.

ಚಿತ್ರದಲ್ಲಿ ರಕ್ತ ಕಾಣುವುದು ಒಂದೇ ಕಡೆ. ಪಕ್ಕದ ಬೆಂಚಿನ ಹುಡುಗನ ಮೂಗು ಒಡೆದು ಇವನ ಅಂಗಿಯ ಜೇಬಿನ ಮೇಲೆ ಎರಡು ಹನಿ ಬೀಳುತ್ತದೆ. ಇವನು ಹಲ್ಲು ಕಚ್ಚಿಕೊಂಡು ಸಮಾಸ ಬಿಡಿಸುತ್ತಾನೆ. ಪುನರ್ಪುಳಿ ಎಂಬ ಕೆಂಪು ಹುಳಿಹಣ್ಣಿನ ರಸಕ್ಕೆ ಜೋನಿ ಬೆಲ್ಲ ಬೆರೆಸಿ ರಕ್ತ ಮಾಡಿದ್ದೆ. ಬಣ್ಣ ಚೆನ್ನಾಗಿ ಬಂತು, ಇರುವೆಗಳೂ ಬಂದವು.

ಮನೆಗೆ ತಂದು ಬಟ್ಟೆ ಸೋಪು ಉಜ್ಜಿದಾಗ ಕೆಂಪು ಕಲೆ ನನ್ನ ಬೆರಳಿನಡಿಯಲ್ಲೇ ನೀಲಿಗೆ ತಿರುಗಿತು. ಹುಳಿಯಲ್ಲಿ ಕೆಂಪಾಗಿರುವ ಆ ಬಣ್ಣ ಸೋಪಿನ ಕ್ಷಾರ ತಾಗಿದೊಡನೆ ಬೇರೆಯಾಗುತ್ತದೆ. ಜೇಬಿನ ಮೇಲೆ ಸರಿಯಾಗಿ ಎರಡು ನೀಲಿ ಚುಕ್ಕೆ.

ಅಂಗಿಯನ್ನು ಹಾಗೆಯೇ ಒಣಗಿಸಿದ್ದೇನೆ. ಭಾನುವಾರದ ದೃಶ್ಯಕ್ಕೆ ಎರಡು ಸಾಲು ಹೊಸದಾಗಿ ಬರೆದೆ. ಮೇಷ್ಟ್ರು ಕೇಳುತ್ತಾರೆ: “ಏನಯ್ಯಾ, ಪೆನ್ನು ಸೋರಿತೇ?”

“ಹೌದು ಸಾರ್.”