ಮಾವನ ಮಹಾಧಮನಿಯ ಸೋರಿಕೆ

ಮಾಟುಂಗದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ ನನ್ನ ಸೋದರಮಾವ ಮಳೆಗಾಲದ ಒಂದು ಬೆಳಿಗ್ಗೆ ಕೆಮ್ಮಿದಾಗ ಬಿಳಿ ಕರವಸ್ತ್ರದಲ್ಲಿ ರೂಪಾಯಿಯಗಲದ ಕೆಂಪು ಕಲೆ ಮೂಡಿತು. ಮೊದಲು ನೋಡಿದ ವೈದ್ಯರು ಕ್ಷಯವಿರಬಹುದೆಂದು ಕಫ ಪರೀಕ್ಷೆಗೆ ಬರೆದುಕೊಟ್ಟರು. ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳವಾದ ಎದೆಯ ಮಹಾಧಮನಿಗೆ ಹಿಂದೊಮ್ಮೆ ಕೃತಕ ನಾಳ ಜೋಡಿಸಿದ್ದ ಗಾಯದ ಗುರುತನ್ನು ಕಂಡೂ ಅವರು ಏನೂ ಕೇಳಲಿಲ್ಲವೆಂಬ ನೋವು ನನಗಿನ್ನೂ ಇದೆ. ಹಳೆಯ ಹೊಲಿಗೆಯ ಜಾಗದಲ್ಲಿ ಉಬ್ಬಿದ ಧಮನಿ ಪಕ್ಕದ ಶ್ವಾಸನಾಳಕ್ಕೆ ಅಂಟಿಕೊಂಡು, ನಡುವೆ ಸಣ್ಣ ದಾರಿ ತೆರೆದಿರುವುದು ರಕ್ತನಾಳಗಳ ಚಿತ್ರ ತೋರಿಸುವ ಸಿಟಿ ಆಂಜಿಯೋಗ್ರಾಮ್‌ನಲ್ಲಿ ಗೊತ್ತಾಯಿತು. ಇಂಥ ಸಣ್ಣ ರಕ್ತಸ್ರಾವ ತಾನಾಗಿ ನಿಂತು, ಆಮೇಲೆ ಒಮ್ಮೆಲೇ ಪ್ರಾಣ ತೆಗೆಯುವಷ್ಟು ಹರಿಯಬಹುದು.

ಮತ್ತೆ ಎದೆ ಸೀಳಲಿಲ್ಲ. ತೊಡೆಸಂದಿನ ಧಮನಿಯೊಳಗಿನಿಂದ, ನಿಟಿನಾಲ್ ಎಂಬ ಮಿಶ್ರಲೋಹದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಸ್ಟೆಂಟ್ ಗ್ರಾಫ್ಟನ್ನು ಮಡಿಸಿದಂತೆಯೇ ತಂತಿಯ ಮೇಲೆ ಸರಿಸಿ, ಎಕ್ಸ್‌ರೇ ಪರದೆ ನೋಡುತ್ತ, ರಂಧ್ರದ ಮೇಲೂ ಕೆಳಗೂ ಆರೋಗ್ಯವಂತ ಗೋಡೆಗೆ ಒತ್ತಿ ನಿಲ್ಲುವಂತೆ ಬಿಚ್ಚಿದರು. ಎದೆಯ ಮಹಾಧಮನಿಗೆ ಇಂಥ ಒಳನಾಳದ ಚಿಕಿತ್ಸೆಯನ್ನು ಉಕ್ರೇನಿನ ಖಾರ್ಕಿವ್‌ನ ಶಸ್ತ್ರವೈದ್ಯ ನಿಕೊಲಾಯ್ ವೊಲೊಡೋಸ್ 1987ರಲ್ಲೇ ಮಾಡಿದ್ದರು. ದಾರಿ ಅನ್ನನಾಳಕ್ಕೆ ತೆರೆದಿದ್ದರೆ ಇಷ್ಟೇ ಸಾಲುತ್ತಿರಲಿಲ್ಲ. ಅಲ್ಲಿನ ಸೋಂಕು ಗ್ರಾಫ್ಟಿಗೆ ತಗಲುವುದರಿಂದ ಸ್ಟೆಂಟು ರಕ್ತ ನಿಲ್ಲಿಸಿ ಮುಂದಿನ ಶಸ್ತ್ರಚಿಕಿತ್ಸೆಗೆ ಸಮಯ ಗಳಿಸಿಕೊಡುತ್ತದೆ, ಅಷ್ಟೆ. ಮಾವ ಈಗಲೂ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತ ವರ್ಷಕ್ಕೊಮ್ಮೆ ಸಿಟಿ ಮಾಡಿಸುತ್ತಾರೆ, ನಾನು ಜೊತೆಗೆ ಹೋಗುತ್ತೇನೆ.