ಹಂದಿ ನೆಣದ ಸೋಪು: ಈ ಮಳೆಗಾಲದ ಬ್ಯಾಚ್ ಎಲ್ಲಿಗೆ ಬಂತು

ಮೇ ತಿಂಗಳಲ್ಲಿ ಅಚ್ಚಿಗೆ ಹಾಕಿದ ಹಂದಿ ನೆಣದ ಸೋಪು ಈಗ ಬಳಸುವ ಹದಕ್ಕೆ ಬಂದಿದೆ. ಬಿಲ್ಲೆ ಬೆಳ್ಳಗಿದೆ, ಗಟ್ಟಿಯಾಗಿದೆ, ಹಂದಿಯ ವಾಸನೆ ಎಳ್ಳಷ್ಟೂ ಇಲ್ಲ. ಈ ಸೋಪಿನ ಬಗ್ಗೆ ಎಲ್ಲರೂ ಮೊದಲು ಕೇಳುವುದೇ ವಾಸನೆಯ ಬಗ್ಗೆ. ಅದಕ್ಕೆ ಉತ್ತರ ಇರುವುದು ಸೋಪು ಕಲಸುವ ಪಾತ್ರೆಯಲ್ಲಲ್ಲ, ಅದಕ್ಕೂ ಮೊದಲು ನೆಣ ಕಾಯಿಸುವ ಒಲೆಯ ಮುಂದೆ. ಹಾಗಾಗಿ ಈ ಸಲ ಆ ಭಾಗವನ್ನೇ ಜಾಸ್ತಿ ಬರೆಯುತ್ತೇನೆ.

ಏಪ್ರಿಲ್ ಕೊನೆ: ನೆಣ

ನಮ್ಮ ವಿರಾಜಪೇಟೆ ಕಡೆ ಹಂದಿ ಮಾಂಸಕ್ಕೆ ಬರವಿಲ್ಲ. ಪಂದಿಕರಿಗೆ ಚರ್ಮ, ಕೊಬ್ಬು ಸೇರಿದ ತುಂಡೇ ಬೇಕು, ಅದನ್ನು ಯಾರೂ ಬಿಡುವುದಿಲ್ಲ. ಆದರೆ ಹೊಟ್ಟೆಯೊಳಗೆ, ಕಿಡ್ನಿ ಸುತ್ತ ಹಾಳೆ ಹಾಳೆಯಾಗಿ ಇರುವ ನೆಣವನ್ನು ಕೇಳುವವರು ಕಡಿಮೆ. ಸೋಪಿಗೆ ಅದೇ ಚಿನ್ನ. "ಅಕ್ಕ, ಇದನ್ನ ಬೇರೆ ಕಟ್ಟಿ ಇಟ್ಟಿರ್ತೀನಿ, ಭಾನುವಾರ ಬೇಗ ಬನ್ನಿ" ಅನ್ನುವಷ್ಟು ಅಂಗಡಿಯವರಿಗೂ ಈಗ ಅಭ್ಯಾಸವಾಗಿದೆ. ಬೆನ್ನಿನ ಕೊಬ್ಬೂ ಆಗುತ್ತದೆ. ಮಸಾಲೆಯಲ್ಲಿ ಬೆಂದ ಕರಿಯ ಮೇಲೆ ತೇಲುವ ಕೊಬ್ಬು ಮಾತ್ರ ಬೇಡವೇ ಬೇಡ. ಕಾಳುಮೆಣಸು, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಹೊಕ್ಕ ಕೊಬ್ಬನ್ನು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ.

ನೆಣಕ್ಕೆ ಅಂಟಿದ ಮಾಂಸ, ರಕ್ತದ ಎಳೆ ಎಲ್ಲ ಬಿಡಿಸಬೇಕು. ವಾಸನೆಯ ಮೂಲ ಇವೇ. ಆಮೇಲೆ ಫ್ರೀಜರಿನಲ್ಲಿ ಗಟ್ಟಿ ಮಾಡಿ ಸಣ್ಣಗೆ ಹೆಚ್ಚಿದರೆ ಕತ್ತಿಗೆ ಜಾರುವುದಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆಗೆ ನೆಣ, ಅದು ಮುಳುಗುವಷ್ಟು ನೀರು, ಒಂದು ಹಿಡಿ ಕಲ್ಲುಪ್ಪು. ಉರಿ ಸಣ್ಣಗೆ ಇರಲಿ. ನೀರು ಇರುವ ತನಕ ನೆಣ ಸೀಯುವುದಿಲ್ಲ, ಅದಕ್ಕೇ ನನಗೆ ಒಣ ವಿಧಾನಕ್ಕಿಂತ ಇದು ಇಷ್ಟ. ಒಣಗಿಸಿ ಕಾಯಿಸಿದ ನೆಣ ಅಡುಗೆಗೆ ರುಚಿ, ಆದರೆ ಆ ಹುರಿದ ಘಮ ಸೋಪಿನಲ್ಲೂ ಉಳಿಯುತ್ತದೆ.

ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೇಲೆ ಬಿಳಿ ಗಟ್ಟಿ ಪದರ, ಕೆಳಗೆ ಕಂದು ನೀರು. ಆ ಗಟ್ಟಿ ಪದರವೇ ಲಾರ್ಡ್. ಎತ್ತಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಬೂದು ಬಣ್ಣದ ಲೋಳೆ ಅಂಟಿರುತ್ತದೆ. ಅದನ್ನು ಚಾಕುವಿನಲ್ಲಿ ಪೂರ್ತಿ ಕೆರೆದು ತೆಗೆಯಬೇಕು. ಮತ್ತೆ ಹೊಸ ನೀರು, ಉಪ್ಪು ಹಾಕಿ ಕುದಿಸಿ ತಣಿಸಬೇಕು. ಅಡಿಯ ನೀರು ತಿಳಿಯಾಗುವ ತನಕ ಇದೇ ಕೆಲಸ. ಬೇಸರವಾಗುತ್ತದೆ, ನಿಜ. ಆದರೆ ಇಲ್ಲಿ ಅವಸರ ಮಾಡಿದರೆ ಆಮೇಲೆ ಯಾವ ಸುಗಂಧದ ಎಣ್ಣೆಯೂ ಕಾಪಾಡುವುದಿಲ್ಲ. ಎರಡು ಕೆಜಿ ನೆಣಕ್ಕೆ ಒಂದೂವರೆ ಕೆಜಿ ಆಸುಪಾಸು ಶುದ್ಧ ಲಾರ್ಡ್ ಸಿಕ್ಕಿತು. ಕೊನೆಗೆ ನೀರಿನ ಪಸೆ ಹೋಗುವಂತೆ ಸ್ವಲ್ಪ ಬಿಸಿ ಮಾಡಿ ಡಬ್ಬಿಗೆ ತುಂಬಿ ಫ್ರೀಜರಿಗೆ ಸೇರಿಸಿದೆ.

ಮೇ ಮೊದಲ ವಾರ: ಅಳತೆ

ಕಾಯಿಸಿ ಶುದ್ಧ ಮಾಡಿದ ನೆಣ (ಲಾರ್ಡ್) 700 ಗ್ರಾಂ, ಕೊಬ್ಬರಿ ಎಣ್ಣೆ 250, ಹರಳೆಣ್ಣೆ 50. ಬರೀ ನೆಣದಲ್ಲೂ ಸೋಪು ಆಗುತ್ತದೆ. ಗಟ್ಟಿಯೂ ಇರುತ್ತದೆ, ಮೈಗೆ ಮೃದುವೂ ಹೌದು. ನೊರೆ ಮಾತ್ರ ಕೆನೆಯ ಹಾಗೆ ತೆಳ್ಳಗೆ ಬರುತ್ತದೆ, ಗುಳ್ಳೆ ಏಳುವುದಿಲ್ಲ. ನೆಣದಲ್ಲಿ ಓಲೇಯಿಕ್, ಪಾಲ್ಮಿಟಿಕ್, ಸ್ಟಿಯರಿಕ್ ಆಮ್ಲಗಳೇ ಜಾಸ್ತಿ. ಗುಳ್ಳೆಗೆ ಬೇಕಾದ ಲಾರಿಕ್ ಆಮ್ಲ ಕೊಬ್ಬರಿ ಎಣ್ಣೆಯಲ್ಲಿದೆ. ಹರಳೆಣ್ಣೆ ಆ ನೊರೆ ಬೇಗ ಕುಸಿಯದಂತೆ ಹಿಡಿಯುತ್ತದೆ.

ಕೊಬ್ಬನ್ನು ಸೋಪು ಮಾಡುವ ಕ್ಷಾರ ಕಾಸ್ಟಿಕ್ ಸೋಡಾ, ಅದರ ಲೆಕ್ಕದಲ್ಲಿ ಅಂದಾಜು ನಡೆಯುವುದಿಲ್ಲ. ಒಂದು ಗ್ರಾಂ ನೆಣಕ್ಕೆ 0.141 ಗ್ರಾಂ ಸೋಡಾ, ಕೊಬ್ಬರಿ ಎಣ್ಣೆಗೆ 0.183, ಹರಳೆಣ್ಣೆಗೆ 0.128. ಮೂರನ್ನೂ ಗುಣಿಸಿ ಕೂಡಿದರೆ 150.85 ಗ್ರಾಂ. ಅದರಲ್ಲಿ ಶೇ 5 ಕಡಿಮೆ ಮಾಡಿ 143 ಗ್ರಾಂ ತೂಗಿದೆ. ಆಗ ಒಂದಿಷ್ಟು ಕೊಬ್ಬು ಸೋಪಾಗದೆ ಹಾಗೇ ಉಳಿದು ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ನೀರು 286 ಗ್ರಾಂ, ಅಂದರೆ ಸೋಡಾದ ಎರಡರಷ್ಟು. ಎಲ್ಲವೂ ತೂಕದಲ್ಲೇ, ಲೋಟದ ಅಳತೆ ಬೇಡ.

ಕೊಬ್ಬು ಮತ್ತು ಕ್ಷಾರ ಸೇರಿದಾಗ ಒಳಗೆ ಏನಾಗುತ್ತದೆ ಅಂತ ಬಿಡಿಸಿ ತೋರಿಸಿದ್ದು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೂಲ್. 1810ರ ದಶಕದಲ್ಲಿ ಅವರು ಪರೀಕ್ಷೆಗೆ ಎತ್ತಿಕೊಂಡಿದ್ದೂ ಹಂದಿ ಕೊಬ್ಬಿನ ಸೋಪನ್ನೇ! ಕೊಬ್ಬು ಒಡೆದು ಒಂದು ಕಡೆ ಆಮ್ಲ, ಇನ್ನೊಂದು ಕಡೆ ಗ್ಲಿಸರಿನ್ ಆಗುತ್ತದೆ ಅಂತ ಗೊತ್ತಾಗಿದ್ದು ಅಲ್ಲಿಂದ. ಮನೆಯಲ್ಲಿ ಮಾಡಿದ ಸೋಪಿನಲ್ಲಿ ಆ ಗ್ಲಿಸರಿನ್ ಪೂರ್ತಿ ಒಳಗೇ ಇರುತ್ತದೆ.

ಹೊಸಬರು ಇದನ್ನು ದಯವಿಟ್ಟು ಗಮನಿಸಿ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ನೀರು ತಕ್ಷಣ ಕೊತಕೊತ ಬಿಸಿಯಾಗುತ್ತದೆ, ಹೊಗೆ ಏಳುತ್ತದೆ. ಕನ್ನಡಕ, ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಮಕ್ಕಳು ಹತ್ತಿರ ಇರಬಾರದು. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಮೈಗೆ ಸಿಡಿದರೆ ನಲ್ಲಿ ನೀರಿನಲ್ಲಿ ತುಂಬಾ ಹೊತ್ತು ತೊಳೆಯಿರಿ. ವಿನೆಗರ್ ಹಚ್ಚಲು ಹೋಗಬೇಡಿ.

ಕೊಬ್ಬು, ಕ್ಷಾರದ ನೀರು ಎರಡೂ 45 ಡಿಗ್ರಿಗೆ ಇಳಿದಾಗ ಸೇರಿಸಿದೆ. ಇನ್ನೂ ತಣ್ಣಗಿದ್ದರೆ ನೆಣ ತಾನಾಗಿ ಹೆಪ್ಪುಗಟ್ಟಿ, ಸೋಪು ಕೂಡಿಕೊಂಡ ಹಾಗೆ ಕಾಣುತ್ತದೆ. ಅದು ಹುಸಿ. ನೆಣದ ಮಿಶ್ರಣ ನಿಧಾನಕ್ಕೆ ಗಟ್ಟಿಯಾಗುತ್ತದೆ, ಕೆಲಸ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಬ್ಲೆಂಡರ್ ಬಿಟ್ಟು ಬಿಟ್ಟು ಓಡಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ಮಜ್ಜಿಗೆ ಹುಲ್ಲಿನ ಎಣ್ಣೆ 20 ಗ್ರಾಂ ಬೆರೆಸಿ ಅಚ್ಚಿಗೆ ಸುರಿದೆ. ಅರ್ಧಕ್ಕೆ ಮಾತ್ರ. ಇನ್ನರ್ಧಕ್ಕೆ ಏನೂ ಹಾಕಲಿಲ್ಲ, ಆ ಎಣ್ಣೆಯ ಪಾಲು ಬಿಟ್ಟು ಉಳಿದದ್ದೆಲ್ಲ ಒಂದೇ. ನೆಣದ ನಿಜವಾದ ವಾಸನೆ ತಿಳಿಯಬೇಕಿತ್ತು.

ಜೂನ್, ಜುಲೈ: ಒಣಗಿಸುವುದು

ಕೊಡಗಿನ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸೋಪಿನ ಕತೆ ಕೇಳಬೇಕೇ? ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಿಲ್ಲೆ ಮೇಲೆ ಹನಿ ನಿಲ್ಲುತ್ತದೆ. ಆ ಹನಿಯನ್ನು ಒರೆಸಿ ಸುಮ್ನೆ ಗಾಳಿಗೆ ಬಿಟ್ಟರೆ ಸಾಕು. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಅಲ್ಲಿ ಇಡಲಿಲ್ಲ. ಹೊಗೆ ಹಿಡಿಯುತ್ತದೆ, ಬಿಸಿಗೆ ಕೊಬ್ಬು ಬೇಗ ಕಮಟುತ್ತದೆ. ಬಿದಿರಿನ ಮೊರದಲ್ಲಿ ಬೆಣ್ಣೆ ಕಾಗದ ಹಾಸಿ, ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಕಬ್ಬಿಣದ ಜಾಲರಿ ಬೇಡ. ಲೋಹ ತಾಗಿದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಬೀಳುವುದು ಜಾಸ್ತಿ. ಚುಕ್ಕೆ ಬಿತ್ತು ಅಂದರೆ ಕೊಬ್ಬು ಕೆಡಲು ಶುರುವಾಯಿತು ಅಂತ ಅರ್ಥ.

ಕತ್ತರಿಸಿದ ದಿನ 112 ಗ್ರಾಂ ತೂಗಿದ ಬಿಲ್ಲೆ ಈಗ 101 ಗ್ರಾಂ. ಜೂನ್ ಪೂರ್ತಿ ತೂಕ ಇಳಿದದ್ದೇ ಅಪರೂಪ, ಮಳೆ ಬಿಡುವು ಕೊಟ್ಟಾಗ ಇಳಿಯಿತು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸಾಕು ಅನ್ನುತ್ತಾರೆ. ನೆಣದ ಸೋಪಿಗೆ ಅದಕ್ಕಿಂತ ಜಾಸ್ತಿ ಕೊಡಿ, ನೊರೆ ಸುಧಾರಿಸುತ್ತದೆ. ಒದ್ದೆ ಬಿಲ್ಲೆಗೆ ನಾಲಗೆ ತುದಿ ತಾಗಿಸಿದರೆ ಚುರ್ ಅನ್ನುವುದಿಲ್ಲ, ಸೋಡಾ ಉಳಿದಿಲ್ಲ.

ಈಗ

ಮಜ್ಜಿಗೆ ಹುಲ್ಲಿನ ಬಿಲ್ಲೆ ತಿಳಿ ಹಳದಿ, ಘಮ ಸ್ವಲ್ಪ ಇಳಿದಿದೆ. ಏನೂ ಹಾಕದ ಬಿಲ್ಲೆಯೇ ನನಗೆ ಹೆಚ್ಚು ಖುಷಿ ಕೊಟ್ಟಿದ್ದು. ಮೂಗಿಗೆ ಹಿಡಿದರೂ ಬರೀ ಸೋಪಿನ ವಾಸನೆ. ಒಂದರ ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಕಿತ್ತಳೆ ಚುಕ್ಕೆ ಕಂಡಿತು, ಅದನ್ನು ಬೇರೆ ಇಟ್ಟು ಅದು ಹರಡುತ್ತದಾ ಅಂತ ನೋಡುತ್ತಿದ್ದೇನೆ.

ಯಾರಿಗಾದರೂ ಕೊಡುವ ಮೊದಲು ಇದರಲ್ಲಿ ಹಂದಿ ನೆಣ ಇದೆ ಅಂತ ಬಾಯಿಬಿಟ್ಟು ಹೇಳುತ್ತೇನೆ, ಲೇಬಲ್ಲಿನಲ್ಲೂ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಮುಸ್ಲಿಂ ಗೆಳೆಯರು, ಸಸ್ಯಾಹಾರಿಗಳು ಇದನ್ನು ಮುಟ್ಟುವುದಿಲ್ಲ. ಅವರಿಗೆ ಎಣ್ಣೆಗಳದ್ದೇ ಸೋಪು, ಅದಕ್ಕೆ ಪಾತ್ರೆ, ಅಚ್ಚು, ಸೌಟು ಎಲ್ಲ ಬೇರೆ. ಈ ವಿಷಯದಲ್ಲಿ ಮುಚ್ಚುಮರೆ ಇರಬಾರದು, ಅಲ್ವಾ?

ಮುಂದಿನ ಬ್ಯಾಚ್ ಅತ್ತೆಯವರಿಗಾಗಿ. ಅವರ ಕೈ ಬೇಗ ಒಣಗಿ ಬಿರಿಯುತ್ತದೆ, ಕೊಬ್ಬರಿ ಎಣ್ಣೆ ಜಾಸ್ತಿಯಾದರೆ ಉರಿ ಅನ್ನುತ್ತಾರೆ. ಹಾಗಾಗಿ ನೆಣ 750, ಕೊಬ್ಬರಿ ಎಣ್ಣೆ 200, ಹರಳೆಣ್ಣೆ 50, ಸೋಡಾ 141, ನೀರು 282. ಅರ್ಧಕ್ಕೆ ಕೊಬ್ಬು ಬೇಗ ಕಮಟದಂತೆ ತಡೆಯುವ ರೋಸ್‌ಮರಿ ಸಾರ ಬೆರೆಸಿ, ಇನ್ನರ್ಧ ಹಾಗೇ ಬಿಟ್ಟು, ಯಾವುದಕ್ಕೆ ಚುಕ್ಕೆ ಮೊದಲು ಬೀಳುತ್ತದೆ ನೋಡಬೇಕು.