ಜಾತ್ರೆಯ ಊರಲ್ಲಿ ಕಳ್ಳ–ಪೊಲೀಸ್

ಬಿ.ಎಸ್ಸಿ. ಕೊನೆಯ ವರ್ಷ ನಮಗೆ ಗಣಿತ ಹೇಳಿದ ಸರ್, ಪರೀಕ್ಷೆಗೆ ಬಾರದ್ದನ್ನೂ ಬರುವುದರಷ್ಟೇ ಶ್ರದ್ಧೆಯಿಂದ ಕಲಿಸುತ್ತಿದ್ದರು. ಆ ವರ್ಷ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಪೋರ್ಷನ್ ಮುಗಿದಿತ್ತು, ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಸರ್ ಬೋರ್ಡಿನ ಮೇಲೆ ಊರಿನ ನಕ್ಷೆ ಬರೆದರು. ಬಿಡಕಿಬೈಲು, ದೇವಿಕೆರೆ, ಐದು ರಸ್ತೆ ಒಂದೊಂದು ಬಿಂದು, ನಡುವಿನ ರಸ್ತೆಗಳು ಗೆರೆ. ಇಂಥ ಬಿಂದು–ಗೆರೆಗಳ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ.

"ಜಾತ್ರೆಗೆ ಕಿಸೆಗಳ್ಳ ಬಂದಿದಾನೆ. ಹಿಡಿಯೂಕೆ ಎಷ್ಟು ಪೊಲೀಸರು ಬೇಕು, ಹೇಳಿ ನೋಡ್ವ."

ನಿಯಮ ಸರಳ. ಮೊದಲು ಪೊಲೀಸರು ಜಾಗ ಹಿಡಿಯುತ್ತಾರೆ, ಅದನ್ನು ನೋಡಿಕೊಂಡು ಕಳ್ಳ ತನ್ನ ಜಾಗ ಆರಿಸುತ್ತಾನೆ. ಆಮೇಲೆ ಸರದಿಯ ಪ್ರಕಾರ ಒಂದು ಗೆರೆ ದಾಟಬಹುದು, ಬೇಡವೆಂದರೆ ನಿಂತಲ್ಲೇ ಇರಬಹುದು. ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಒಬ್ಬನೇ ಪೊಲೀಸ್ ಯಾವ ಗ್ರಾಫಿನಲ್ಲಿ ಗೆಲ್ಲುತ್ತಾನೆಂದು ಕೀಲಿಯೋ 1978ರಲ್ಲಿ, ನೊವಾಕೋವ್ಸ್ಕಿ ಮತ್ತು ವಿಂಕ್ಲರ್ 1983ರಲ್ಲಿ ಬೇರೆಬೇರೆಯಾಗಿಯೇ ಕಂಡುಹಿಡಿದಿದ್ದರು. ಗೆರೆಗಳು ಒಂದನ್ನೊಂದು ಹಾಯದಂತೆ ಕಾಗದದ ಮೇಲೆ ಬರೆಯಬಹುದಾದ, ಎಲ್ಲ ಕಡೆ ದಾರಿಯಿರುವ ಗ್ರಾಫ್ ಯಾವುದಿದ್ದರೂ ಮೂವರು ಸಾಕೆಂದು ಐಗ್ನರ್ ಮತ್ತು ಫ್ರೊಮ್ಮೆ 1984ರಲ್ಲಿ ತೋರಿಸಿದರು. "ನಮ್ಮೂರಲ್ಲಿ ಫ್ಲೈಓವರ್ ಇಲ್ಲ, ಹಂಗಾಗಿ ಮೂರು ಜನ ಸಾಕು" ಎಂದರು ಸರ್.

ಮರುದಿನ ಅವರೇ ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೀಟರ್ಸನ್ ಗ್ರಾಫ್ ಬರೆದರು. ಹೊರಗೊಂದು ಪಂಚಕೋನ, ಒಳಗೊಂದು ನಕ್ಷತ್ರ, ಒಟ್ಟು 10 ಬಿಂದು, 15 ಗೆರೆ. ನನ್ನನ್ನು ಕಳ್ಳನಾಗಿ ನಿಲ್ಲಿಸಿ, ಇಬ್ಬರು ಗೆಳೆಯರನ್ನು ಪೊಲೀಸರನ್ನಾಗಿ ಬಿಟ್ಟರು. ಎಷ್ಟು ಹೊತ್ತಾದರೂ ನಾನು ಸಿಗಲಿಲ್ಲ. ಯಾಕೆಂದು ನನ್ನ ಬಾಯಿಂದಲೇ ಹೇಳಿಸುವ ತನಕ ಸರ್ ಬಿಡಲಿಲ್ಲ. ನಾನು ನಿಂತ ಬಿಂದುವಿನಿಂದ ಹೊರಡುವ ದಾರಿ ಮೂರು. ಈ ಗ್ರಾಫಿನಲ್ಲಿ ತ್ರಿಕೋನವೂ ಇಲ್ಲ, ನಾಲ್ಕು ಗೆರೆಯ ಸುತ್ತೂ ಇಲ್ಲ. ಹಾಗಾಗಿ ಒಬ್ಬ ಪೊಲೀಸ್ ಎಲ್ಲೇ ನಿಂತರೂ ನನ್ನ ಒಂದು ದಾರಿಯನ್ನಷ್ಟೇ ಕಾಯಬಲ್ಲ. ಇಬ್ಬರು ಎರಡನ್ನು ಕಾಯ್ದರೆ ಮೂರನೆಯದು ನನ್ನದು. ನಾನು ಮನಸ್ಸಾರೆ ಒಪ್ಪಿ ಅರ್ಥಮಾಡಿಕೊಂಡ ಮೊದಲ ಗಣಿತದ ಸಾಧನೆ (ಪ್ರೂಫ್) ಅದು. ಈಗ ಅಲ್ಗಾರಿದಂ ಪಾಠ ಮಾಡುವ ನಾನು ಪ್ರತಿ ವರ್ಷ ಮಕ್ಕಳಿಗೆ ಅದನ್ನು ಹೀಗೆ ನಿಲ್ಲಿಸಿಯೇ ತೋರಿಸುತ್ತೇನೆ.

ಆದರೆ ಸರ್ ನಮಗೆ ಕೊಟ್ಟ ದೊಡ್ಡ ವಿಚಾರ ಇದಲ್ಲ. ಉತ್ತರ ಇದೆ ಎನ್ನುವುದು ಒಂದು, ಅದನ್ನು ಹುಡುಕಲು ಎಷ್ಟು ಕೆಲಸ ಹಿಡಿಯುತ್ತದೆ ಎನ್ನುವುದು ಇನ್ನೊಂದು. ಎರಡನೆಯದೂ ಗಣಿತದ ಪ್ರಶ್ನೆಯೇ ಎಂದು ನಾನು ಕೇಳಿದ್ದು ಅವರಿಂದಲೇ ಮೊದಲು. ಲೆಕ್ಕ ಮಾಡಿಸಿದರು. 100 ಬಿಂದು, ಒಬ್ಬ ಪೊಲೀಸ್, ಒಬ್ಬ ಕಳ್ಳ: ಯಾರು ಎಲ್ಲಿ, ಸರದಿ ಯಾರದು ಎಂದು ನೋಡಿದರೆ 20,000 ಸ್ಥಿತಿ. ಕಳ್ಳ ಸಿಕ್ಕಿಬಿದ್ದ ಸ್ಥಿತಿಗಳಿಂದ ಹಿಂದಕ್ಕೆ ಬರುತ್ತಾ, ಪೊಲೀಸ್ ಗೆಲ್ಲಬಲ್ಲ ಸ್ಥಿತಿಗಳಿಗೆ ಗುರುತು ಹಾಕುತ್ತಾ ಹೋದರೆ ಉತ್ತರ ಸಿಗುತ್ತದೆ. ಐವರು ಪೊಲೀಸರಾದರೆ ಸ್ಥಿತಿಗಳು ಎರಡು ಲಕ್ಷ ಕೋಟಿ. ಪೊಲೀಸರ ಸಂಖ್ಯೆ ಇಷ್ಟೇ ಎಂದು ಮೊದಲೇ ಕಟ್ಟಿಹಾಕಿದರೆ ಕೆಲಸ ಪಾಲಿನಾಮಿಯಲ್ ಸಮಯದಲ್ಲಿ, ಅಂದರೆ ಬಿಂದುಗಳ ಸಂಖ್ಯೆಯ ಒಂದು ನಿಗದಿತ ಘಾತವನ್ನು ಮೀರದ ಹೆಜ್ಜೆಗಳಲ್ಲಿ ಮುಗಿಯುತ್ತದೆ. ಆ ಸಂಖ್ಯೆಯನ್ನೂ ಗ್ರಾಫಿನ ಜೊತೆ ಪ್ರಶ್ನೆಯಲ್ಲೇ ಕೊಟ್ಟರೆ ಅದು ಘಾತಕ್ಕೇರಿ ಕೂರುತ್ತದೆ, ಈ ವಿಧಾನದ ಕೆಲಸ ಎಕ್ಸ್‌ಪೊನೆನ್ಶಿಯಲ್ ಆಗಿ ಬೆಳೆಯುತ್ತದೆ.

ಇದಕ್ಕಿಂತ ಜಾಣ ದಾರಿ ಇದೆಯೇ? ಸರ್ ಧಾರವಾಡದಿಂದ ಝೆರಾಕ್ಸ್ ಮಾಡಿಸಿ ತಂದಿದ್ದ 1995ರ ಪ್ರಬಂಧದಲ್ಲಿ ಗೋಲ್ಡ್‌ಸ್ಟೈನ್ ಮತ್ತು ರೈನ್‌ಗೋಲ್ಡ್, ಗೆರೆಗಳು ಒಮ್ಮುಖವಾಗಿದ್ದರೆ ಅಥವಾ ಆರಂಭದ ಜಾಗಗಳನ್ನು ಮೊದಲೇ ಕೊಟ್ಟಿದ್ದರೆ ಈ ಸಮಸ್ಯೆ ಎಕ್ಸ್‌ಪ್‌ಟೈಮ್–ಕಂಪ್ಲೀಟ್ (ಎಕ್ಸ್‌ಪೊನೆನ್ಶಿಯಲ್ ಸಮಯದಲ್ಲಿ ಬಿಡಿಸಬಹುದಾದ ಸಮಸ್ಯೆಗಳಲ್ಲೆಲ್ಲ ಅತಿ ಕಠಿಣವಾದವುಗಳ ಸಾಲಿನದು) ಎಂದು ಸಾಧಿಸಿದ್ದರು. ಮಾಮೂಲಿ ಆಟವೂ ಹಾಗೆಯೇ ಇರಬೇಕೆಂಬುದು ಅವರ ಊಹೆ. ಅದನ್ನು ಕಿನ್ನರ್ಸ್ಲಿ ಸಾಧಿಸಿದ್ದು 2015ರಲ್ಲಿ. ಆ ಪ್ರಬಂಧ ಓದಿದ ದಿನ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ತೋಟ ನೋಡಿಕೊಂಡಿದ್ದವರು ಪೂರ್ತಿ ಕೇಳಿಸಿಕೊಂಡು, "ಪಿ, ಎನ್‌ಪಿ ಬೇರೆ ಅಂತ ಊಹಿಸ್ಕಂಡು ಹೇಳಿದ್ದೋ, ಅಲ್ಲ ಅದರ ಹಂಗೇ ಇಲ್ವೋ?" ಎಂದು ಕೇಳಿದರು.

ಪಿ ಎಂದರೆ ಪಾಲಿನಾಮಿಯಲ್ ಸಮಯದಲ್ಲಿ ಬಿಡಿಸಬಹುದಾದ ಸಮಸ್ಯೆಗಳು, ಎನ್‌ಪಿ ಎಂದರೆ ಉತ್ತರ ಕೊಟ್ಟರೆ ಅದು ಸರಿಯೇ ಎಂದು ಅಂಥ ಸಮಯದಲ್ಲಿ ಪರೀಕ್ಷಿಸಬಹುದಾದವು; ಎರಡೂ ಬೇರೆ ಎಂಬುದು ಇನ್ನೂ ಊಹೆಯೇ. ಕಿನ್ನರ್ಸ್ಲಿಯ ಫಲಿತಾಂಶಕ್ಕೆ ಅದರ ಹಂಗಿಲ್ಲ. ಪಾಲಿನಾಮಿಯಲ್ ಸಮಯಕ್ಕೂ ಎಕ್ಸ್‌ಪೊನೆನ್ಶಿಯಲ್ ಸಮಯಕ್ಕೂ ನಡುವೆ ಅಂತರವಿದೆ ಎಂಬುದು 1965ರ ಹಾರ್ಟ್‌ಮನಿಸ್–ಸ್ಟರ್ನ್ಸ್ ಪ್ರಮೇಯದಿಂದಲೇ ಸಿದ್ಧವಾಗಿದೆ. ಹಾಗಾಗಿ ಪೊಲೀಸರ ಸಂಖ್ಯೆಯನ್ನೂ ಪ್ರಶ್ನೆಯಲ್ಲೇ ಕೊಟ್ಟಾಗ ಈ ಆಟಕ್ಕೆ ಪಾಲಿನಾಮಿಯಲ್ ಅಲ್ಗಾರಿದಂ ಇಲ್ಲವೇ ಇಲ್ಲ, ಯಾವ ಷರತ್ತೂ ಬೇಕಿಲ್ಲ. ಕಂಪ್ಯೂಟರ್ ವಿಜ್ಞಾನದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳಬಹುದಾದ ಮಾತು ಬಹಳ ಕಡಿಮೆ.

ಸರ್ ಈಗಲೂ ಹಿಡಿದು ಕೂತಿರುವುದು ಮೇನಿಯೆಲ್ ಊಹೆ: ಎಲ್ಲ ಕಡೆ ದಾರಿಯಿರುವ ಗ್ರಾಫಿನಲ್ಲಿ, ಬಿಂದುಗಳ ಸಂಖ್ಯೆಯ ವರ್ಗಮೂಲವನ್ನು ಯಾವುದೋ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿದಷ್ಟಕ್ಕಿಂತ ಹೆಚ್ಚು ಪೊಲೀಸರು ಎಂದೂ ಬೇಕಾಗುವುದಿಲ್ಲ ಎಂಬುದು. ಅದಿನ್ನೂ ಬಗೆಹರಿದಿಲ್ಲ. ಈ ಸಂಚಿಕೆ ಓದುವ ಗಣಿತದ ಮಕ್ಕಳು ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಬನ್ನಿ, ಜೊತೆಗೆ ಸೀಮೆಸುಣ್ಣ ಇರಲಿ.